ಗೋಡೆಯ ಮೇಲಿನ ಹದಿನೆಂಟು

ನೆಲದಿಂದ ಐದಡಿ.
ಬಾಗಿಲಿಗೆ ದೂರ, ಕಿಟಕಿಗೆ ದೂರ,
ತಂಗಾಳಿ ಉಗುಳುವ ಬಾಯಿಗೆ ಎದುರಲ್ಲ,
ಬಿಸಿಲು ಬೆನ್ನು ಕಾಯಿಸುವ ಪಡುವಣ ಗೋಡೆಯಂತೂ
ಅಲ್ಲವೇ ಅಲ್ಲ.
ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಕರಾರು
ಅಂಗೈಯಗಲದ ಈ ಬಿಳಿ ಡಬ್ಬಿಗೆ.

ರಾಣೇಬೆನ್ನೂರಿನ ಬೀಜದ ಗೋದಾಮು.
ಹೊರಗೆ ಏಪ್ರಿಲ್, ಡಾಂಬರು ಚಪ್ಪಲಿ ಕಚ್ಚುತ್ತದೆ.
ಒಳಗೆ ಟೊಮ್ಯಾಟೊ, ಬೆಂಡಿ, ಮೆಣಸಿನಕಾಯಿ,
ಬರುವ ವರ್ಷದ ಹೊಲಗಳು ಚೀಲದಲ್ಲಿ.
ಮಲಗಿರುವುದೇ ಇಲ್ಲಿ ಅವುಗಳ ಕೆಲಸ.
ಸೆಕಿ ಹೆಚ್ಚಾದ್ರ ನಿದ್ದ್ಯಾಗ ಮುದುಕ ಆಗ್ತಾವ್ರಿ,
ಎಂದ ಮ್ಯಾನೇಜರ್ ಮಾಲತೇಶ.

ಮೇನ್ ಇಳಿಸಿದೆ. ಟೆಸ್ಟರ್ ಹಚ್ಚಿ ನೋಡಿದೆ, ಮತ್ತೊಮ್ಮೆ ನೋಡಿದೆ
(ಒಮ್ಮೆ ಮಾತ್ರ ನೋಡಿದ ನನ್ನ ಉಸ್ತಾದನ ಹೆಬ್ಬೆರಳು
ಇನ್ನೂ ಕಪ್ಪಗಿದೆ).
ಕೆಂಪು ಕರೆಂಟಿಗೆ. ಹಳದಿ ಕಂಪ್ರೆಸರಿಗೆ. ಹಸಿರು ಫ್ಯಾನಿಗೆ.
ನೀಲಿ, ಎಲ್ಲರೂ ಸುತ್ತಿ ಒಳಗೆ ತುರುಕಿ ಮರೆಯುವ ನೀಲಿ,
ಅದಿಲ್ಲದಿದ್ದರೆ ಪರದೆ ಕುರುಡು.
ತಂತಿ ಬಂದ ತೂತಿಗೆ ಪುಟ್ಟಿ ಮೆತ್ತಿದೆ:
ಗೋಡೆಯೊಳಗಿಂದ ಸುಳಿವ ಗಾಳಿಯನ್ನೂ
ಕೋಣೆಯೆಂದೇ ಓದಿಬಿಡುತ್ತದೆ ಇದು.

ಕೂಲ್. ಫ್ಯಾನ್ ಆಟೊ. ಹದಿನೆಂಟು.
ಒಂದು ಡಿಗ್ರಿ ಬಿಡುವು ಕೊಟ್ಟೆ,
ಹತ್ತೊಂಬತ್ತಕ್ಕೆ ಶುರು, ಹದಿನೆಂಟಕ್ಕೆ ಬಂದ್.
ಬಿಡುವು ಯಾಕ್ರಿ, ಎಂದ.
ಕೂದಲೆಳಿ ಹೆಚ್ಚುಕಮ್ಮಿ ಆದ್ರೂ ಎದ್ದು ಕೂಡೋ ಮಶಿನ್ನು
ಭಾಳ ದಿನ ಬಾಳಂಗಿಲ್ರಿ, ಎಂದೆ,
ನನಗೆ ಮನೆಯಲ್ಲಿ ಯಾರೂ ಹೇಳದ ಮಾತು.
ಕೊನೆಗೆ ನಾಲ್ಕಂಕಿಯ ಬೀಗ,
ಅವನ ಕಿವಿಯಲ್ಲಿ ಮಾತ್ರ.

ಎಂಟನೆಯ ದಿನ ಹುಬ್ಬಳ್ಳಿಗೆ ಫೋನು.
ನಿಮ್ಮ ಡಬ್ಬಿ ಇಪ್ಪತ್ನಾಕು ಅಂತೈತಿ,
ಮಶಿನ್ ರಾತ್ರಿ ಹಗಲು ನಿಲ್ಲವಲ್ದು,
ನಮ್ಮ ಹುಡುಗೀರು ಸ್ವೆಟರ್ ಹಾಕ್ಕೊಂಡು ಬೀಜ ತುಂಬಾಕತ್ತಾರ!

ಬಸ್ಸಿನಲ್ಲಿ, ಬಂಕಾಪುರದವರೆಗೆ ಸೆನ್ಸರನ್ನು ಬೈದೆ,
ಹಾವೇರಿಯವರೆಗೆ ಕಂಪನಿಯನ್ನು.
ಮೋಟೆಬೆನ್ನೂರಿನಲ್ಲಿ ನೀಲಿ ತಂತಿ ನೆನಪಾಗಿ
ಹೊಟ್ಟೆ ಕಿವುಚಿತು.

ಡಬ್ಬಿಯ ಕೆಳಗೊಂದು ಹಲಗೆ.
ಹಲಗೆಯ ಮೇಲೆ ಹಣತೆ, ಉರಿಯುತ್ತಿದೆ.
ಪರದೆಯ ಹಣೆಗೆ ಮೂರು ಬೆರಳ ವಿಭೂತಿ,
ಒಂದು ಚೆಂಡು ಹೂವು.
ಗುತ್ತೆವ್ವ, ಹನ್ನೊಂದು ವರ್ಷದಿಂದ ಇಲ್ಲಿ ಕಸ ಹೊಡೆಯುವವಳು:
ಹೊಸಾದು ಬಂದೈತಿ,
ದೀಪ ಹಚ್ಚಲಾರದ ಹೆಂಗ ಬಿಡೂದ್ರಿ?

ಬೀಗ ಮುರಿಯದೆ, ಒಂದು ಗುಂಡಿಯನ್ನೂ ಒತ್ತದೆ
ಎಂಟು ದಿನ ಗೋದಾಮು ನಡೆಸಿದ್ದಾಳೆ.
ಆ ಬೆರಳಗಲದ ಬೆಂಕಿ ಓದಿ
ಊರಿಗೆಲ್ಲ ಜ್ವರವೆಂದು ಕೂಗಿದೆ ಡಬ್ಬಿ.
ಅದರದೇನು ತಪ್ಪು,
ಮೂಗಿನ ಮುಂದಿನ ಗಾಳಿಯಷ್ಟೇ ಅದಕ್ಕೆ ಲೋಕ.

ತಗೀಯವ್ವ ಅದನ್ನ, ಎಂದ ಮಾಲತೇಶ.
ಅವಳು ತೆಗೆಯಲಿಲ್ಲ.
ನಾನು ಡಬ್ಬಿಯ ಮುಂದೆ ಬಾಯ್ದೆರೆದು ಹಾ ಎಂದೆ.
ಇಪ್ಪತ್ನಾಲ್ಕೂವರೆ. ಇಪ್ಪತ್ತೈದು.
ಅವಳು ನೋಡಿದಳು. ತಾನೂ ಹತ್ತಿರ ಬಂದು ಹಾ ಎಂದಳು.
ಇಪ್ಪತ್ತಾರು.
ನಕ್ಕಳು, ಕಡ್ಡಿಪುಡಿಯ ಹಲ್ಲಿನ ನಗೆ:
ಅಯ್ಯ, ಇದಕ್ಕ ನಮ್ಮ ಉಸಿರೂ ತಿಳೀತೈತಿ!

ಹಣತೆಯನ್ನು ತಾನೇ ಎತ್ತಿದಳು,
ಸೆರಗಿನ ಮರೆಯಲ್ಲಿ ಕೋಣೆ ದಾಟಿಸಿ
ಪಡುವಣ ಗೋಡೆಗೆ, ಹಳೆಯ ಡಬ್ಬಿಯ
ನಾಲ್ಕು ಮೊಳೆಯ ತೂತು ಉಳಿದಲ್ಲಿ ಇಟ್ಟಳು.
ಅಂಕಿ ಇಳಿಯಿತು, ಇಳಿಯಿತು,
ಹದಿನಾಲ್ಕಕ್ಕೆ ಬಂದು ನಿಜ ಹೇಳಿತು.
ಕಂಪ್ರೆಸರ್ ಸುಮ್ಮನಾಯಿತು.
ಆಗ ಕೇಳಿಸಿದ್ದು ಹುಡುಗಿಯರು ಬೀಜ ಎಣಿಸುವ ಗುಜುಗುಜು,
ಒಬ್ಬಳು ಸ್ವೆಟರಿನ ಗುಂಡಿ ಬಿಚ್ಚುವ ಸದ್ದೂ.

ಸರ್ವಿಸ್ ಹಾಳೆಯಲ್ಲಿ ದೋಷವೆಂಬ ಕಾಲಂ.
ಪೆನ್ನು ಅಲ್ಲೇ ಬಹಳ ಹೊತ್ತು ನಿಂತಿತು.
ಸ್ಥಳ ಬದಲಾಯಿಸಲಾಗಿದೆ, ಎಂದು ಬರೆದೆ.
ಯಾವುದರ, ಎಂದು ಬರೆಯಲಿಲ್ಲ.