ಹೋಲ್ಡಾನ್, ರೈಟ್

ಹದಿನಾಲ್ಕು ವರ್ಷ ನಾನು ಕೂಗಿದ್ದು ಎರಡೇ ಮಾತು:
ಹೋಲ್ಡಾನ್. ರೈಟ್.
ಆಯನೂರು, ಕುಂಸಿ, ಚೋರಡಿ, ಆನಂದಪುರ,
ಸಾಗರದ ಸ್ಟ್ಯಾಂಡಿನ ತನಕ ಬಸ್ಸು ನನ್ನ ಮಾತು ಕೇಳಿತು.
ಮೈಯೂ ಕೇಳುತ್ತಿತ್ತು. ಚಿಲಕವಿಲ್ಲದ ಬಾಗಿಲು ಕಂಡು
ಮುಂದಿನ ಊರಿಗೆ ನೋಡೋಣ ಅಂದರೆ
ಮುಂದಿನ ಊರಿನವರೆಗೂ ತುಟಿ ಕಚ್ಚಿ ಕೂರುತ್ತಿತ್ತು.

ಫುಟ್‌ಬೋರ್ಡಿನಿಂದ ಬಿದ್ದ ಮೇಲೆ
ಬೆನ್ನು ಕೂಡಿಕೊಂಡಿತು, ಕಾಲಿಗೆ ಬಲ ಬಂತು,
ಅದೊಂದು ಮಾತ್ರ ಹೋಲ್ಡಾನಿನಲ್ಲೇ ನಿಂತುಬಿಟ್ಟಿತು.
ರೈಟ್ ಅಂದರೂ ಹೊರಡದು.
ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದರೂ.
ಅತ್ತೆ ಹರಕೆ ಹೊತ್ತರೂ.

ಮೆಗ್ಗಾನ್ ಆಸ್ಪತ್ರೆಯ ಸಿಸ್ಟರ್ ಜಸಿಂತಾ
ಸಣ್ಣ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ಹೇಳಿದರು:
"ನಾಲ್ಕು ಗಂಟೆಗೊಮ್ಮೆ. ನೀವೇ. ನಿಮ್ಮ ಕೈಯಾರೆ."
ಸತ್ತರೂ ಆಗಲ್ಲ ಅಂದೆ.
"ಸಾಯೋಕೂ ಟೈಮ್ ಬೇಕಲ್ಲ ಹಾಲಮ್ಮ,
ಅಷ್ಟರಲ್ಲಿ ಕಲೀರಿ."

ಒಂಬತ್ತು ದಿನ ಅದನ್ನು ಮುಟ್ಟಲಿಲ್ಲ.
ಹತ್ತನೆಯ ದಿನ ಅಂಗೈಯಗಲದ ಕನ್ನಡಿ ಕೊಟ್ಟರು.

ಇಬ್ಬರನ್ನು ಹೆತ್ತ ಮೈ.
ನರ್ಸು, ಡಾಕ್ಟರು, ಗಂಡ, ಎಲ್ಲರೂ ಬಂದು ಹೋದ ಊರು,
ನಾನೊಬ್ಬಳೇ ಇಳಿಯದ ಸ್ಟಾಪು.
ಯಾವ್ಯಾವ ಊರಿಗೋ ಟಿಕೆಟ್ ಹರಿದವಳು
ನನ್ನದೇ ಹಳ್ಳಿಗೆ ದಾರಿ ಯಾವ ಕಡೆ ಅಂತ
ತಲೆ ತಗ್ಗಿಸಿ ಕೇಳಿದೆ.
ಕೈ ನಡುಗಿತು. ತಪ್ಪು ಬಾಗಿಲು. ಮತ್ತೆ ತಪ್ಪು.

ಪರದೆಯಾಚೆಯ ಮಂಚದಲ್ಲಿ ಆಫ್ರೀನ್,
ಭದ್ರಾವತಿಯವಳು, ಆರನೇ ಕ್ಲಾಸು,
ಹುಟ್ಟುವಾಗಲೇ ಬೆನ್ನಲ್ಲಿ ಗಂಟು ತಂದವಳು:
"ಆಂಟಿ, ಉಸಿರು ಹಿಡೀಬೇಡಿ. ಒಂದ್ಸಲ ಕೆಮ್ಮಿ.
ಅದೇ ಒಳಗೆ ಬಿಟ್ಕೊಳ್ತದೆ."

ಅವಳ ನಳಿಕೆ ಕವರಿನಲ್ಲಿ ಸುತ್ತಿ ಕಂಪಾಸ್ ಬಾಕ್ಸಿನಲ್ಲಿ,
ಕೋನಮಾಪಕದ ಪಕ್ಕ.
ಕ್ಲಾಸಲ್ಲಿ ಗೊತ್ತಾ ಮಗಾ?
"ಒಬ್ಳಿಗೆ ಹೇಳಿದ್ದೆ. ಜಗಳ ಆದಾಗ ಎಲ್ಲರಿಗೂ ಹೇಳಿಬಿಟ್ಳು.
ಎರಡು ದಿನ ನಕ್ಕರು. ಆಮೇಲೆ ಪರೀಕ್ಷೆ ಬಂತು."

ಕೆಮ್ಮಿದೆ.
ಸ್ಟೀಲ್ ಬಟ್ಟಲಿಗೆ ಸದ್ದು ಬಿತ್ತು.
ನಾನೂರಿಪ್ಪತ್ತು, ಸಿಸ್ಟರ್ ಬರೆದುಕೊಂಡರು.
ನಾನು ಅತ್ತದ್ದು ನೋವಿಗಲ್ಲ, ಅಂಥ ನೋವೇ ಇರಲಿಲ್ಲ,
ಇಷ್ಟಕ್ಕಾ ಹೆದರಿದ್ದು ಅನ್ನುವ ಸಿಟ್ಟಿಗೆ.

ಒಪ್ಪಿಕೊಂಡೆಯಾ ಅಂತ ಕೇಳಿದರೆ ಗೊತ್ತಿಲ್ಲ.
ಕೆಲವು ಬೆಳಗ್ಗೆ ಡಬ್ಬಿಯ ಸಮೇತ
ತುಂಗೆಗೆ ಎಸೆದು ಬರೋಣ ಅನ್ನಿಸುತ್ತದೆ.
ಎಸೆದಿಲ್ಲ. ಸೋಪು, ನೀರು, ಉಗುರಿನ ಸಂದಿ,
ಮತ್ತೆ ಸೋಪು.
ಇದು ಎಷ್ಟು ದಿನ ಅಂತ ಕೇಳಿದರು ಇವರು.
ಊಟ ಎಷ್ಟು ದಿನ ಅಂದೆ.
ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಾರೆ;
ಇದಕ್ಕೋ, ಮೊದಲಿನಿಂದಲೂ ಹಾಗೆಯೋ,
ನೆನಪು ಮಾಡಿಕೊಳ್ಳಲು ಹೋಗಿಲ್ಲ.

ಈಗ ಮತ್ತೆ ಅದೇ ರೂಟು.
ಚಿಲ್ಲರೆ ಚೀಲದ ಕೆಳಗೆ, ಮಷೀನಿನ ಪೇಪರ್ ರೋಲಿನ ಪಕ್ಕ
ನನ್ನ ಕಂಪಾಸ್ ಬಾಕ್ಸು.
ಡ್ರೈವರ್ ಕೆರಿಯಪ್ಪನಿಗೆ ನಾನೇನೂ ಹೇಳಿದವಳಲ್ಲ.
ಸಕ್ಕರೆ ಕಾಯಿಲೆಯ ಮನುಷ್ಯ,
ಸಾಗರದಲ್ಲಿ ಈಗ ಎರಡನೇ ಚಹಾ ಹೇಳುತ್ತಾನೆ.
ಹೊತ್ತಾಯ್ತು ಅಂತ ಯಾರಾದರೂ ಕೂಗಿದರೆ
"ಇಂಜಿನ್ ಕಾದಿದೆ ಮಾರಾಯ್ರೇ, ತಡೀರಿ" ಅನ್ನುತ್ತಾನೆ.

ಚಿಲಕ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ.
ಕನ್ನಡಿ ಬೇಡ ಈಗ, ಬೆರಳಿಗೇ ದಾರಿ ಗೊತ್ತು.
ಒಮ್ಮೆ ಕೆಮ್ಮಿ,
ಪಕ್ಕದವರಿಗೂ ಕೇಳಿಸದ ಹಾಗೆ
ರೈಟ್ ಅನ್ನುತ್ತೇನೆ.

ಹೊರಗೆ ಬಂದು ಬಾಗಿಲು ಕಾಯುವವನ ಹತ್ತಿರ
ಹತ್ತು ಕೊಟ್ಟು, ಐದು ವಾಪಸ್ಸಿಗೆ ಜಗಳವಾಡುತ್ತೇನೆ.
ಚಿಲ್ಲರೆ ಇಲ್ಲ ಅನ್ನುತ್ತಾನೆ, ನನಗೆ!
ಅತ್ತ ಕೆರಿಯಪ್ಪ
ಬಾಯಿಗಿಡದ ಎರಡನೇ ಲೋಟವನ್ನು
ಮೆಲ್ಲಗೆ ಚರಂಡಿಗೆ ಬಗ್ಗಿಸಿ
ಸೀಟು ಹತ್ತುತ್ತಾನೆ.