ಐದು ಮಡಿಕೆ

ಎರಡೂವರೆಗೆ ಸ್ಕೂಲ್ ಬಸ್ಸು
ರೂವಿಯ ಪೆಟ್ರೋಲ್ ಪಂಪಿನ ಹಿಂದೆ ನಿಲ್ಲುತ್ತದೆ.
ಅನ್ಸಿಟಾ ಇಳಿದು ನೇರ ನನ್ನ ಅಂಗಡಿಗೆ.
ಅವಳಮ್ಮನ ಕ್ಲಿನಿಕ್ಕಿನ ಡ್ಯೂಟಿ ಮುಗಿಯುವುದು ಆರಕ್ಕೆ.
ಅಲ್ಲಿಯವರೆಗೆ ಇಸ್ತ್ರಿ ಮೇಜಿನ ತಣ್ಣಗಿನ ತುದಿ ಅವಳದು,
ಬಿಸಿ ತುದಿ ನನ್ನದು.

ಮಗ್ಗಿ ಬಾಯಿಗೆ ಬರುತ್ತದೆ, ಹದಿನಾರರವರೆಗೂ.
ಆದರೆ ಲೆಕ್ಕಕ್ಕೆ ಮಾತು ಬಂದರೆ,
ಯಾರೋ ಏನೋ ಕೊಂಡರು, ಯಾರಿಗೋ ಕೊಟ್ಟರು ಅಂದರೆ ಸಾಕು,
ಕಣ್ಣು ಅಕ್ಷರಗಳನ್ನು ಹಾರಿ ಅಂಕಿಗಳ ಮೇಲೆ ಕೂರುತ್ತದೆ.
ಸಿಕ್ಕಿದ್ದನ್ನೆಲ್ಲ ಕೂಡಿಸುತ್ತಾಳೆ.
ಬೈದರೆ, ಕಳೆಯುತ್ತಾಳೆ.
ಸುಮ್ಮನಿದ್ದರೆ, ಗುಣಿಸಿ ನನ್ನ ಮುಖ ಓದುತ್ತಾಳೆ.

ಆವತ್ತಿನದು ರಿಬ್ಬನ್ನು.
ಒಬ್ಬಳು ಐದರಲ್ಲಿ ಎರಡು ಪಾಲು ಬಳಸಿದಳು.
ಉಳಿದದ್ದರಲ್ಲಿ ಮೂರರಲ್ಲೊಂದು ತಂಗಿಗೆ ಕೊಟ್ಟಳು.
ಈಗ ಹನ್ನೆರಡು ಮೀಟರು ಇದೆ. ಮೊದಲು ಎಷ್ಟಿತ್ತು?
ಇಂಗ್ಲಿಷಿನಲ್ಲಿ ಮೂರು ಸಲ ಓದಿದಳು, ಬಸ್ಸಿನ ವೇಗದಲ್ಲಿ.
ನಾನು ಏಳನೇ ಕ್ಲಾಸಿಗೆ ಪುಸ್ತಕ ಮಡಚಿದವನು,
ಇಂಗ್ಲಿಷು ಬರುವುದು ಕಾಲರು, ಕಫ್ಫು, ಪಾಕೆಟ್ಟಿನಷ್ಟು.
ಕನ್ನಡದಲ್ಲಿ ಹೇಳು ಮಗಾ, ಅಂದೆ.
ಹೇಳತೊಡಗಿದಳು. ನಡುವೆ ತಾನೇ ನಿಂತಳು:
"ಇದ್ದಿನಬ್ಬಾಕ, ತಂಗಿಗೆ ಕೊಟ್ಟದ್ದು ಎಲ್ಲದರಲ್ಲಿ ಅಲ್ಲ,
ಉಳಿದದ್ದರಲ್ಲಿ!"

ದಿಶ್‌ದಾಶಾದ ಬಿಳಿ ಬಟ್ಟೆಯ ಅಂಚು, ಬಿಸಾಡುವಂಥದ್ದು,
ಒಂದು ಪಟ್ಟಿ ಕತ್ತರಿಸಿ ಕೊಟ್ಟೆ. ಇದು ನಿನ್ನ ರಿಬ್ಬನ್ನು.
"ಎಷ್ಟುದ್ದ?"
ಗೊತ್ತಿಲ್ಲ. ಅದೇ ಅಲ್ವಾ ಕೇಳಿದ್ದು. ಐದು ಮಡಿಕೆ ಮಾಡು.
ಎರಡು, ನಾಲ್ಕು ಯಾರಿಗೂ ಬರುತ್ತದೆ;
ಐದಾಗಿ ಮಡಚಲು ಬೆರಳಿಗೆ ಕೆಲಸ ಗೊತ್ತಿರಬೇಕು.
ಅವಳದು ನಾಲ್ಕೂಕಾಲಾಯಿತು, ಆಮೇಲೆ ಐದೂವರೆ.
ನಾಲಿಗೆ ಕಚ್ಚಿ ಮತ್ತೆ ಬಿಚ್ಚಿದಳು.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಕಾಲರಿನ ಗೊಂಡೆ ಸರಿಯಿಲ್ಲವೆಂದು ಬಂದ ಒಮಾನಿ ಮುದುಕರೊಬ್ಬರು
ಸ್ಟೂಲೆಳೆದು ಕೂತು, ಗೊಂಡೆ ಮರೆತು,
ಬೆರಳೆಣಿಸಿದರು: ವಾಹಿದ್, ಇಥ್ನೇನ್, ಥಲಾಥಾ...

ಐದು. ಸೀಮೆಸುಣ್ಣದಲ್ಲಿ ಎರಡಕ್ಕೆ ಗೀಟು ಹಾಕಿದಳು.
ಉಳಿದ ಮೂರರಲ್ಲಿ ಒಂದರ ಮೇಲೆ 'ತಂಗಿ' ಎಂದು ಬರೆದಳು.
ಇನ್ನೆರಡು ಮಡಿಕೆ, ಬರೀ ಬಿಳಿ.
ಹೇಳಿಬಿಡಲು ನನ್ನ ನಾಲಿಗೆ ತುರಿಸಿತು;
ಬಾಯಲ್ಲಿ ಗುಂಡುಸೂಜಿ ಇದ್ದದ್ದು ಒಳ್ಳೆಯದಾಯಿತು.
"ಇವೆರಡೇ ಹನ್ನೆರಡು," ಎಂದಳು ಮೆಲ್ಲಗೆ.
"ಹಾಗಾದರೆ ಒಂದು, ಆರು. ಹಾಗಾದರೆ..."
ತಪ್ಪು ಹೊಲಿಗೆ ಬಿಚ್ಚುವವರ ಹಾಗೆ ಹಿಂದಕ್ಕೆ, ಹಿಂದಕ್ಕೆ,
ಹದಿನೆಂಟು, ಇಪ್ಪತ್ತನಾಲ್ಕು,
ಮೂವತ್ತಕ್ಕೆ ಬಂದು ನಿಂತಳು.
ಮುದುಕರು ಗೊಂಡೆ ಹಾಗೇ ಇರಲಿ ಎಂದು ಕೈಸನ್ನೆ ಮಾಡಿ ಹೋದರು.

ಪಟ್ಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಹೋದಳು.
ಟೀಚರು ಕೆಂಪು ಶಾಯಿಯಲ್ಲಿ: ಉತ್ತರ ಸರಿ. ಬಟ್ಟೆ ಅಂಟಿಸಬಾರದು. ಚಿತ್ರ ಬರೆ.
ಈಗ ಬರೆಯುತ್ತಾಳೆ, ಉದ್ದ ಪೆಟ್ಟಿಗೆ, ಒಳಗೆ ಮನೆಗಳು.
ಅದಕ್ಕೂ ಮೊದಲು ಅವಳ ಬೆರಳು ಗಾಳಿಯನ್ನು ಮಡಚುವುದು
ಟೀಚರಿಗೆ ಕಂಡಿರಲಾರದು.

ನಿನ್ನೆ ತಾನೇ ಒಂದು ಲೆಕ್ಕ ಕಟ್ಟಿ ತಂದಳು.
"ಈದಿಗೆ ಒಬ್ಬ ಟೈಲರಿಗೆ ಅರವತ್ತು ದಿಶ್‌ದಾಶಾ ಆರ್ಡರು.
ಒಂದಕ್ಕೆ ಮೂರು ಗಂಟೆ. ಇರುವುದು ಏಳು ದಿನ.
ಟೈಲರು ಒಟ್ಟು ಎಷ್ಟು ಗಂಟೆ ಮಲಗುತ್ತಾನೆ?"
ಕೆಲಸ ನೂರ ಎಂಬತ್ತು ಗಂಟೆ.
ಏಳು ದಿನವೆಂದರೆ ನೂರ ಅರವತ್ತೆಂಟು.
"ಚಿಕ್ಕದರಿಂದ ದೊಡ್ಡದು ಕಳೆಯಲು ಬರುವುದಿಲ್ಲ,"
ಲೆಕ್ಕವೇ ತಪ್ಪೆಂದು ರಬ್ಬರು ತೆಗೆದಳು.
ಉಜ್ಜಬೇಡ, ಅಂದೆ. ಸರಿಯಾಗಿಯೇ ಇದೆ.

ತುಂಬಾ ಹೊತ್ತು ಹೊಲಿಗೆ ಮಿಷನನ್ನೇ ನೋಡಿದಳು.
ಆಮೇಲೆ ನಡುವೆ ಒಂದು ಸಾಲು ಸೇರಿಸಿದಳು, ಇರುಕಿಸಿ, ಸಣ್ಣಕ್ಷರದಲ್ಲಿ:
'ಗುಂಡಿ ಹಚ್ಚುವುದು ಬೇರೆಯವರು. ಆದ್ದರಿಂದ ಒಂದಕ್ಕೆ ಎರಡೂವರೆ ಗಂಟೆ.'
ಉತ್ತರ: ಹದಿನೆಂಟು.
ಕೆಳಗೆ ಎರಡು ಗೀಟೆಳೆದು ಕೈ ಚಾಚಿದಳು,
"ಸೂಜಿ ಕೊಡಿ."

ಕೊಡಲಿಲ್ಲ.
ಮುಂದಿನ ಲೆಕ್ಕ ಓದು, ಅಂದೆ. ಮೆಲ್ಲಗೆ.