ಬಕೆಟ್ಟಿನ ಹಾಲು

ವಿರಾಜಪೇಟೆಯ ಸರಕಾರಿ ಆಸ್ಪತ್ರೆಯಲ್ಲಿ
ಇಪ್ಪತ್ತೆರಡು ವರ್ಷ ನೆಲ ಒರೆಸಿದವಳು ನಾನು.
ಹೆರಿಗೆ ವಾರ್ಡು, ಸುಟ್ಟಗಾಯದ ವಾರ್ಡು, ಹೆಣದ ಕೋಣೆಯ ಮೆಟ್ಟಿಲು.
ಫಿನಾಯಿಲ್ ಮೂಗಿಗೆ ಹೊಡೆಯಲಿಲ್ಲವೆಂದರೆ
ಅದು ಒರೆಸಿದ್ದಲ್ಲ, ಒದ್ದೆ ಮಾಡಿದ್ದು
ಎನ್ನುತ್ತಿದ್ದರು ಅಗಾತಾ ಸಿಸ್ಟರು.
ಸತ್ಯವೇದದ ಪಕ್ಕದಲ್ಲೇ ಇಟ್ಟುಕೊಂಡೆ ಆ ಮಾತನ್ನು.

ಬಾಟಲಿಯ ಮೇಲೆ ಬರೆದಿರುತ್ತದೆ, ಇಷ್ಟು ನೀರಿಗೆ ಒಂದು ಮುಚ್ಚಳ.
ಮುಚ್ಚಳದಲ್ಲಿ ಅಳೆದವಳಲ್ಲ ನಾನು.
ಕೈ ಅಂದಾಜು, ಸಾರಿಗೆ ಉಪ್ಪು ಹಾಕಿದ ಹಾಗೆ.
ಆ ಕಪ್ಪು, ನೀರಿಗೆ ಬಿದ್ದದ್ದೇ ತಡ,
ಬಕೆಟ್ಟಿನ ತುಂಬ ಹಾಲು!
ಎಷ್ಟು ಸಲ ನೋಡಿದರೂ ನನಗದು ಜಾದೂ.

ಪೆನ್ಶನ್ ಶುರುವಾದ ವರ್ಷವೇ ಅವಳೂ ಬಂದಳು,
ಮೀನು ಮಾರ್ಕೆಟ್ಟಿನ ಹಿಂದಿನ ಚರಂಡಿಯಿಂದ,
ಒಣಗಲು ಹಾಕಿದ ಒಳ್ಳೆಮೆಣಸಿನ ಬಣ್ಣ.
ಮೆಣಸಿ ಎಂದು ಕರೆದೆ. ತಿರುಗಿ ನೋಡಲಿಲ್ಲ,
ಬಾಲದ ತುದಿ ಮಾತ್ರ ಒಮ್ಮೆ ಅಲ್ಲಾಡಿತು.

ಎಲ್ಲೆಲ್ಲಿ ಮೆಟ್ಟಿ ಬಂದಿದೆಯೋ ಎಂದು
ದಿನಕ್ಕೆ ಎರಡು ಸಲ ಒರೆಸಿದೆ:
ಮಲಗುವ ಗೋಣಿಯ ಸುತ್ತ, ತಟ್ಟೆಯ ಸುತ್ತ.
ಕೆಂಪು ಗಾರೆ ಕನ್ನಡಿಯಾಯಿತು.
ಆರದ ಕನ್ನಡಿಯ ಮೇಲೆ ಅವಳ ಸಣ್ಣ ಹೂಗಳು,
ಕಿಟಕಿಯವರೆಗೂ.
ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು
ಒಂದೊಂದೇ ಬೆರಳು ಬಿಡಿಸಿ ನೆಕ್ಕುತ್ತಿದ್ದಳು.
ನಾನು ಹಿಗ್ಗಿದೆ.
ನನ್ನ ಹಾಗೇ ಇದಕ್ಕೂ ತೊಳೆಯುವ ಹುಚ್ಚು.

ಐದನೆಯ ದಿನವೋ ಆರನೆಯದೋ
ಬಾಯಿಂದ ನೂಲು ನೂಲಾಗಿ ಜೊಲ್ಲು,
ಹಿಂಗಾಲು ತನ್ನದಲ್ಲವೆಂಬಂತೆ ಎಳೆಯುತ್ತಿದ್ದಳು.
ಆಚೆಮನೆಯ ನಫೀಸಾ, ಉಪ್ಪುನೀರು ಕುಡಿಸು, ಕಕ್ಕಲಿ ಎಂದಳು.
ಕುಡಿಸಲಿಲ್ಲ. ಬುದ್ಧಿಯಿಂದಲ್ಲ, ಕೈ ನಡುಗಿತ್ತು.
ಬುಟ್ಟಿಯಲ್ಲಿಟ್ಟು, ಫಿನಾಯಿಲ್ ಇಲ್ಲದ ಟವೆಲ್ ಹುಡುಕಿದರೆ
ಮನೆಯಲ್ಲಿ ಒಂದೂ ಇರಲಿಲ್ಲ.

ದನದಾಸ್ಪತ್ರೆಯ ಪೊನ್ನವ್ವ ಡಾಕ್ಟರು ಇನ್ನೂ ಹುಡುಗಿ.
ಬೆಕ್ಕಿನ ಪಾದ ಎತ್ತಿ ಮೂಸಿದರು.
ಆಮೇಲೆ, ಏನೂ ಕೇಳದೆ,
ನನ್ನ ಅಂಗೈ ಎತ್ತಿ ಮೂಸಿದರು.

‘ಇದಕ್ಕೆ ನಾಲಿಗೆಯೇ ಸೋಪು ಅಕ್ಕ, ನಾಲಿಗೆಯೇ ಟವೆಲ್ಲು.
ನೆಲಕ್ಕೆ ಹಾಕಿದ್ದು ಹೊಟ್ಟೆಗೆ ಹಾಕಿದ ಹಾಗೆ.
ನಮ್ಮ ಲಿವರ್ ಅರಗಿಸುವುದನ್ನೆಲ್ಲ ಇದರ ಲಿವರ್ ಅರಗಿಸದು.’
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ಡ್ರಿಪ್ಪು. ಹೆಬ್ಬೆರಳಿನಷ್ಟು ಬೋಳಿಸಿದ ಕಾಲು.
ನಾಲ್ಕನೆಯ ದಿನ ನೆತ್ತೋಳಿಯ ನೀರು ನೆಕ್ಕಿದಳು,
ಹುಣ್ಣಾದ ನಾಲಿಗೆಯಲ್ಲಿ, ನಿಲ್ಲಿಸಿ ನಿಲ್ಲಿಸಿ.

ಈಗ ಸೋಪಿನ ನೀರೇ ಹೆಚ್ಚಿನ ದಿನ.
ಅವಳ ಮರಳಿನ ತೊಟ್ಟಿಗೂ ಅದೇ, ಬಿಸಿಯಾಗಿ.
ಬ್ಲೀಚಿಂಗ್ ಅದರ ಹತ್ತಿರವೂ ಸುಳಿಯಬಾರದಂತೆ:
ಬೆಕ್ಕಿನ ಉಚ್ಚೆಗೂ ಅದಕ್ಕೂ ಕೂಡಿದರೆ ಏಳುವ ಹಬೆ
ಅವಳನ್ನೂ ಬಿಡದು, ನನ್ನನ್ನೂ.
ಬಚ್ಚಲಿಗೆ ಅದನ್ನು ಹಾಕಲೇಬೇಕಾದ ದಿನ
ಮುಚ್ಚಳದಲ್ಲಿ ಅಳೆಯುತ್ತೇನೆ, ಕನ್ನಡಕ ಹಾಕಿಕೊಂಡು.
ಮೆಣಸಿ ಮಲಗುವ ಕೋಣೆಯಲ್ಲಿ ಬಂದಿ,
ಬಾಗಿಲ ಸಂದಿಯಿಂದ ಒಂದು ಪಾದ ಬೈಯುತ್ತಿರುತ್ತದೆ.
ಕಿಟಕಿಯೆಲ್ಲ ತೆರೆದು,
ಬಾಟಲಿ ಹೇಳಿದಷ್ಟು ಹೊತ್ತು ಕಾದು,
ಬರೀ ನೀರಲ್ಲಿ ಎರಡು ಸಲ ತೊಳೆದು, ಒಣಬಟ್ಟೆ.
ಆ ಕಪ್ಪು ಬಾಟಲಿಯನ್ನು ಮನೆಯಿಂದಲೇ ದಾಟಿಸಿದೆ.
ಜಾದೂ ಸಾಕು.

ಕಾಫಿ ಹೂಬಿಟ್ಟ ವಾರ
ಕಿಟಕಿಯಿಂದ ಏನೋ ಒಳಬಂತು.
ಯಾವ ಔಷಧಿ ಇದು ಎಂದು ಒಂದು ಗಳಿಗೆ ಯೋಚಿಸಿದೆ,
ದೇವರಾಣೆ.

ಅಗಾತಾ ಸಿಸ್ಟರು ನೋಡಲು ಬಂದಿದ್ದರು ಮೊನ್ನೆ, ಕೋಲೂರಿಕೊಂಡು.
ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು:
‘ಏನು ಸಿಸಿಲಿ, ನಿನ್ನ ಮನೆಗೆ ವಾಸನೆಯೇ ಇಲ್ಲ?’
ಚಹಾ ಕೊಟ್ಟೆ. ಉತ್ತರ ಕೊಡಲಿಲ್ಲ.

ಅವರು ಹೋದ ಮೇಲೆ ಒರೆಸಿದೆ, ಎಂದಿನ ಹಾಗೆ, ಆರುವ ತನಕ ಕಾದೆ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ
ಮಂಡಿಯೂರಿ, ನೆಲಕ್ಕೆ ಬೆರಳೊತ್ತಿ
ನಾಲಿಗೆಗೆ ಮುಟ್ಟಿಸಿದೆ.

ಯಾವ ರುಚಿಯೂ ಇಲ್ಲ.
ಬಾಗಿಲು ತೆರೆದೆ.